ನಿಮ್ಮ ಮೈಬಣ್ಣಕ್ಕೆ ಒಪ್ಪುವ ಬಣ್ಣ ಯಾವುದು? ಮನೆಯ ಜಗಲಿಯಲ್ಲೇ ಪರೀಕ್ಷಿಸಿ ತಿಳಿಯುವ ಸಮಗ್ರ ಮಾರ್ಗದರ್ಶಿ

ಮದುವೆಗೆ ಜವಳಿ ತೆಗೆಯಲೆಂದು ಬದಿಯಡ್ಕದಿಂದಲೋ ಪೆರ್ಲದಿಂದಲೋ ಮನೆಮಂದಿಯೆಲ್ಲ ಕಾಸರಗೋಡಿಗೋ ಮಂಗಳೂರಿಗೋ ಹೊರಟರೆ, ಅಂಗಡಿಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಅದು ನಿನಗೆ ಬೇಡ ಮಾರಾಯ್ತಿ, ಮತ್ತೂ ಕಪ್ಪು ಕಾಣ್ತೀ. ಲೈಟ್ ಕಲರ್ ತೆಗಿ." ಹೇಳುವ ಅತ್ತೆಗೋ ಚಿಕ್ಕಮ್ಮನಿಗೋ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಆದರೆ ಈ ಒಂದು ಮಾತು ಕೇಳಿ ಕೇಳಿ, ಎಷ್ಟೋ ಹೆಣ್ಣುಮಕ್ಕಳು ತಮಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವ ಬಣ್ಣಗಳನ್ನು ಮುಟ್ಟದೆಯೇ ಬದುಕಿಬಿಟ್ಟಿದ್ದಾರೆ. ಗಾಢ ಮೈಬಣ್ಣದವರಿಗೆ ತಿಳಿ ಪಿಸ್ತಾ, ಮಾಸಲು ಗುಲಾಬಿ, ಬೂದು ಬೆರೆತ ಬಿಸ್ಕತ್ತು ಬಣ್ಣಗಳನ್ನೇ ತೊಡಿಸುತ್ತೇವೆ. ಅವರ ಮುಖದ ಕಾಂತಿಯನ್ನು ನುಂಗುವುದೂ ಹೆಚ್ಚಾಗಿ ಅವೇ.

ಅದಕ್ಕೇ ಅಳತೆಗೋಲನ್ನು ಮೊದಲೇ ಸರಿಮಾಡಿಕೊಳ್ಳೋಣ. ಈ ಬಟ್ಟೆಯಲ್ಲಿ ನಾನು ಬೆಳ್ಳಗೆ ಕಾಣುತ್ತೇನೆಯೇ ಎಂದು ಕೇಳಿಕೊಳ್ಳಬೇಡಿ. ನೋಡುವವರ ಕಣ್ಣು ಮೊದಲು ಮುಖಕ್ಕೆ ಬಂದು ಆಮೇಲೆ ಬಟ್ಟೆಗೆ ಇಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ಬಣ್ಣ ಒಪ್ಪಿದರೆ ಕಣ್ಣು ಹೊಳೆಯುತ್ತದೆ, ಕಣ್ಣಿನ ಕೆಳಗಿನ ಕಪ್ಪು ತಗ್ಗಿದಂತೆ ಕಾಣುತ್ತದೆ, ಮುಖದ ಬಣ್ಣ ಹಣೆಯಿಂದ ಗಲ್ಲದವರೆಗೆ ಒಂದೇ ಹದದಲ್ಲಿರುತ್ತದೆ. ಒಪ್ಪದಿದ್ದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದರೂ "ಏನು, ಹುಷಾರಿಲ್ವಾ?" ಎಂಬ ಪ್ರಶ್ನೆ ಬರುತ್ತದೆ.

ಬಟ್ಟೆ ಮುಖವನ್ನು ಬದಲಿಸುವುದು ಹೇಗೆ

ಎರಡು ಕಾರಣಗಳಿವೆ. ಮೊದಲನೆಯದು ಪ್ರತಿಫಲನ. ಕೊರಳ ಬಳಿಯ ಬಟ್ಟೆಗೆ ಬಿದ್ದ ಬೆಳಕು ಆ ಬಟ್ಟೆಯ ಬಣ್ಣವನ್ನು ಹೊತ್ತುಕೊಂಡೇ ಗಲ್ಲ, ದವಡೆ, ಮೂಗಿನ ಅಡಿಭಾಗಕ್ಕೆ ಏರುತ್ತದೆ. ಹೊಳೆಯುವ ರೇಷ್ಮೆ, ಸ್ಯಾಟಿನ್‌ಗಳಲ್ಲಿ ಇದು ಹೆಚ್ಚು. ಹೊಳಪಿಲ್ಲದ ಹತ್ತಿಯಲ್ಲಿ ಕಡಿಮೆ.

ಎರಡನೆಯದು ನಡೆಯುವುದು ನೋಡುವವರ ಕಣ್ಣು ಮತ್ತು ಮಿದುಳಿನಲ್ಲಿ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರಲ್‌ಗೆ ಕಪ್ಪು ನೂಲು ಮಾಸಲಾಗಿ ಕಾಣುತ್ತದೆಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಕಪ್ಪು ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೂಲುಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಅಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ಬಣ್ಣದ ಕಡೆಗೆ ತಳ್ಳುತ್ತವೆ ಎಂದು ಆತ 1839ರಲ್ಲಿ ವಿವರವಾಗಿ ಪ್ರಕಟಿಸಿದ. ಹಸುರಿನ ಪಕ್ಕದಲ್ಲಿ ಚರ್ಮದ ಕೆಂಪು ಎದ್ದು ಕಾಣುವುದು, ಅಚ್ಚಬಿಳಿಯ ಪಕ್ಕದಲ್ಲಿ ಚರ್ಮ ಇನ್ನಷ್ಟು ಗಾಢವಾಗಿ ತೋರುವುದು ಇದರಿಂದಲೇ.

ಗಮನಿಸಿ, ಈ ಎರಡೂ ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ. ಒಂದು ಬಟ್ಟೆಯ ಬಣ್ಣವನ್ನೇ ಮುಖಕ್ಕೆ ಹಚ್ಚುತ್ತದೆ, ಇನ್ನೊಂದು ಅದರ ವಿರುದ್ಧ ಬಣ್ಣವನ್ನು ಎಬ್ಬಿಸುತ್ತದೆ. ಹಾಗಾಗಿ ಹತ್ತಿಯಲ್ಲಿ ಒಪ್ಪಿದ ಹಳದಿ ಸ್ಯಾಟಿನ್‌ನಲ್ಲಿ ಕೈಕೊಡಬಹುದು. ಹೆಸರು ಕೇಳಿ ಬಣ್ಣ ಆರಿಸಲಾಗದು, ಮುಖದ ಹತ್ತಿರ ಹಿಡಿದೇ ನೋಡಬೇಕು.

ಮೈಬಣ್ಣದಲ್ಲಿ ನೋಡಬೇಕಾದ್ದೇನು

ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್. ಅದರಲ್ಲಿ ಕಂದು-ಕಪ್ಪಿನದು ಒಂದು, ಕೆಂಪು-ಹಳದಿಯದು ಇನ್ನೊಂದು. ಜೊತೆಗೆ ರಕ್ತದ ಹಿಮೋಗ್ಲೋಬಿನ್ ಕೆಂಪನ್ನೂ ತರಕಾರಿ ಹಣ್ಣುಗಳಿಂದ ಬರುವ ಕ್ಯಾರೊಟಿನ್ ತುಸು ಹಳದಿಯನ್ನೂ ಸೇರಿಸುತ್ತವೆ. ಬಣ್ಣ ಎಷ್ಟು ಗಾಢ ಎಂಬುದು ಒಂದು ವಿಷಯ. ಆ ಗಾಢತೆಯ ಅಡಿಯಲ್ಲಿ ಹಳದಿ-ಬಂಗಾರದ ಎಳೆ ಇದೆಯೋ ಗುಲಾಬಿ-ನೀಲಿಯ ಎಳೆ ಇದೆಯೋ ಎಂಬುದು ಬೇರೆಯೇ ವಿಷಯ. ಈ ಎರಡನೆಯದನ್ನು ಒಳಛಾಯೆ ಎನ್ನೋಣ. ಅಂಗಡಿಯವರ ಅಂಡರ್‌ಟೋನ್ ಇದೇ. ಬಿಸಿಲಿಗೆ ತೋಟದಲ್ಲಿ ದುಡಿದರೆ ಗಾಢತೆ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಒಳಛಾಯೆ ಅಷ್ಟಾಗಿ ಕದಲುವುದಿಲ್ಲ. ಎಣ್ಣೆಗಪ್ಪಿನ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳದು ಬಂಗಾರದ ಛಾಯೆ, ಇನ್ನೊಬ್ಬಳದು ನೀಲಿ ಛಾಯೆ ಇರಬಹುದು. ಇಬ್ಬರಿಗೂ ಒಂದೇ ಥಾನಿನಿಂದ ಹರಿಸಿದ ರವಿಕೆ ಒಬ್ಬಳಿಗೆ ಮಾತ್ರ ಒಪ್ಪುವುದು ಅದಕ್ಕೇ.

ಒಳಛಾಯೆಯಲ್ಲಿ ಹಳದಿ-ಬಂಗಾರದ ಎಳೆಯ ಬೆಚ್ಚಗಿನದು, ಗುಲಾಬಿ-ನೀಲಿಯ ಎಳೆಯ ತಂಪಿನದು, ಎರಡೂ ಸಮನಾದದ್ದು ಎಂದು ಮೂರು ಹೇಳುತ್ತಾರೆ. ನಮ್ಮವರಲ್ಲಿ ನಾಲ್ಕನೆಯದೊಂದು ಧಾರಾಳವಾಗಿ ಕಾಣುತ್ತದೆ: ತುಸು ಹಸುರು ಬೆರೆತ ಆಲಿವ್ ಛಾಯೆ. ಬಂಗಾರವೂ ಬೆಳ್ಳಿಯೂ ಒಪ್ಪುತ್ತದೆ, ಆದರೂ ಕೇಸರಿಯೂ ಆಗುವುದಿಲ್ಲ, ತಿಳಿ ಗುಲಾಬಿಯೂ ಆಗುವುದಿಲ್ಲ ಎಂದು ಸೋತು ಕೂತವರು ಬಹುಮಟ್ಟಿಗೆ ಈ ಗುಂಪಿನವರು.

ಮಣಿಕಟ್ಟಿನ ನರ ನೋಡಿ ಹೇಳುವ ಉಪಾಯ ಎಲ್ಲ ಕಡೆ ಹರಿದಾಡುತ್ತಿದೆ: ಹಸುರಾದರೆ ಬೆಚ್ಚಗಿನ ಛಾಯೆ, ನೀಲಿಯಾದರೆ ತಂಪು ಎಂದು. ಗಾಢ ಚರ್ಮದಲ್ಲಿ ನರ ಕಾಣುವುದೇ ಕಷ್ಟ, ಕಂಡರೂ ಬೆಳಕು ಬದಲಾದಂತೆ ಬಣ್ಣ ಬದಲಾಗುತ್ತದೆ. ಅದನ್ನು ನಂಬಿ ಬಟ್ಟೆ ಕೊಳ್ಳಬೇಡಿ. ಹಾಗೆಯೇ 1975ರಲ್ಲಿ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ರೂಪಿಸಿದ, ಈಗ ಆರು ವರ್ಗಗಳಿರುವ ಚರ್ಮದ ವಿಂಗಡಣೆ ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂದು ಹೇಳಲು ಇರುವಂಥದ್ದು. ಸೀರೆ ಆರಿಸಲು ಅದರಿಂದ ಪ್ರಯೋಜನವಿಲ್ಲ.

ಹಂತ 1: ಬೆಳಕು

ಇಡೀ ಪರೀಕ್ಷೆ ಕೆಡುವುದಿದ್ದರೆ ಇಲ್ಲೇ ಕೆಡುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆ ಕಳೆದ ಮೇಲೆ, ಸಂಜೆ ಮೂರೂವರೆಯ ಒಳಗೆ, ನೇರ ಬಿಸಿಲು ಬೀಳದ ಜಗಲಿಯಲ್ಲಿ ಆಕಾಶದ ಕಡೆ ಮುಖ ಮಾಡಿ ಕೂರಿ. ಉತ್ತರಕ್ಕೆ ತೆರೆದ ಜಗಲಿಯಾದರೆ ಇನ್ನೂ ಒಳ್ಳೆಯದು. ತೆಳು ಮೋಡದ ದಿನ ತುಂಬ ಅನುಕೂಲ, ಏಕೆಂದರೆ ನೆರಳು ಗಡುಸಾಗಿ ಬೀಳುವುದಿಲ್ಲ.

ನಮ್ಮ ಊರಿನ ಮನೆಗಳಲ್ಲಿ ಕೆಲವು ಬೆಳಕುಗಳು ಗೊತ್ತಾಗದಂತೆ ಮೋಸ ಮಾಡುತ್ತವೆ. ಗಿಲಾವು ಮಾಡದ ಮುರಕಲ್ಲಿನ ಗೋಡೆಯ ಪಕ್ಕ ಕೂತರೆ ಕೆಂಪು ಬೆಳಕು ಮುಖಕ್ಕೆ ಹೊಡೆಯುತ್ತದೆ, ಆಗ ಎಲ್ಲರೂ ಬೆಚ್ಚಗಿನ ಛಾಯೆಯವರಾಗಿ ಕಾಣುತ್ತಾರೆ. ಅಡಿಕೆ ತೋಟದ ಅಂಚಿನಲ್ಲಿ ಎಲೆಗಳಿಂದ ಸೋಸಿ ಬರುವ ಬೆಳಕು ಹಸುರು. ಎಲ್ಲಕ್ಕಿಂತ ಕೆಟ್ಟದ್ದು ಅಂಗಳಕ್ಕೆ ಕಟ್ಟಿದ ನೀಲಿ ಟರ್ಪಾಲು. ಅದರ ಅಡಿಯಲ್ಲಿ ತುಟಿ ಸಹ ನೇರಳೆಯಾಗಿ ತೋರುತ್ತದೆ, ಕೇಸರಿ ಸೀರೆ ಕಂದಿಹೋಗುತ್ತದೆ. ಮನೆಯಲ್ಲಿ ಪೂಜೆಯೋ ಮದುವೆಯೋ ಇದ್ದು ಅಂಗಳಕ್ಕೆ ನೀಲಿ ಟರ್ಪಾಲು ಹಾಕುವವರಿದ್ದರೆ, ಅಡಿಗೆ ಬಿಳಿ ಬಟ್ಟೆ ಕಟ್ಟಿಸಿ ಎಂದು ಮೊದಲೇ ಹೇಳಿ. ಫೋಟೋಗಳೆಲ್ಲ ಉಳಿಯುತ್ತವೆ.

ರಾತ್ರಿ ಬಲ್ಬಿನಲ್ಲಿ ಪರೀಕ್ಷೆ ಬೇಡ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 2700 ಕೆ ಎಂದಿದ್ದರೆ ಬೆಳಕು ಹಳದಿ, 6500 ಕೆ ಎಂದಿದ್ದರೆ ನೀಲಿಗೆ ತಿರುಗಿದ ಬಿಳಿ. ಎರಡರಲ್ಲೂ ಒಂದೇ ಚರ್ಮ ಬೇರೆ ಬೇರೆಯಾಗಿ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಯಕ್ಷಗಾನದ ಚೌಕಿಯಿಂದ ಕಲಿಯುವುದು ಬಹಳ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದು ಕಣ್ಣೆದುರಿನ ವಿದ್ಯೆ. ವೇಷಧಾರಿ ಬಿಳಿಯನ್ನು ಹಾಗೇ ಮುಖಕ್ಕೆ ಬಳಿದುಕೊಳ್ಳುವುದಿಲ್ಲ. ಹಳದಿ, ಕೆಂಪು ಬೆರೆಸಿ, ತೆಂಗಿನೆಣ್ಣೆಯಲ್ಲಿ ಕಲಸಿ, ಕನ್ನಡಿಯಲ್ಲಿ ನೋಡಿ ಹದ ಮಾಡಿಕೊಳ್ಳುತ್ತಾನೆ. ಆ ಹದ ರಂಗಸ್ಥಳದ ಬೆಳಕಿಗೆ, ದೂರದಲ್ಲಿ ಕೂತವರ ಕಣ್ಣಿಗೆ ಲೆಕ್ಕ ಹಾಕಿದ್ದು. ನೀವೂ ಬಟ್ಟೆಯನ್ನು ಯಾವ ಬೆಳಕಿನಲ್ಲಿ ಉಡುತ್ತೀರೋ ಆ ಬೆಳಕಿಗೆ ಆರಿಸಬೇಕು. ಹಗಲಿನ ಧಾರೆಗೂ ರಾತ್ರಿಯ ಔತಣಕ್ಕೂ ಒಂದೇ ಸೀರೆ ಸಮನಾಗಿ ಒಪ್ಪುವುದು ಅಪರೂಪ.

ಹಂತ 2: ಮುಖ

ಪೌಡರು, ಕ್ರೀಮು, ಲಿಪ್‌ಸ್ಟಿಕ್ ಏನೂ ಬೇಡ. ಮುಖ ತೊಳೆದು ಕಾಲು ಗಂಟೆ ಬಿಡಿ, ಉಜ್ಜಿದ ಕೆಂಪು ಇಳಿಯಲಿ. ಮುಖಕ್ಕೆ ಅರಿಶಿನ ಹಚ್ಚುವ ಅಭ್ಯಾಸವಿದ್ದರೆ ಅದರ ಹಳದಿ ಪೂರ್ತಿ ಹೋಗುವವರೆಗೆ ಕೆಲವು ದಿನ ಕಾಯಿರಿ, ಇಲ್ಲದಿದ್ದರೆ ನೀವು ನೋಡುವುದು ಅರಿಶಿನದ ಛಾಯೆಯನ್ನು. ಕೂದಲಿಗೆ ಬಣ್ಣ ಹಾಕಿದ್ದರೆ ಬಿಳಿ ಬೈರಾಸು ಸುತ್ತಿ ಮುಚ್ಚಿ. ಸಹಜ ಕೂದಲಾದರೆ ಹಿಂದಕ್ಕೆ ಕಟ್ಟಿದರೆ ಸಾಕು. ಸರ, ಕಿವಿಯೋಲೆ ತೆಗೆದಿಡಿ. ಉಟ್ಟ ಬಟ್ಟೆ ಕಾಣದಂತೆ ಹೆಗಲಿಗೆ ಬಿಳಿ ಬಟ್ಟೆ ಹೊದೆಯಿರಿ.

ಹಂತ 3: ಬಟ್ಟೆಗಳನ್ನು ಜೋಡಿ ಜೋಡಿಯಾಗಿ ಹೊಂದಿಸುವುದು

ಹೊಸತೇನೂ ಕೊಳ್ಳಬೇಡಿ. ಕಪಾಟಿನಲ್ಲಿರುವ ಸೀರೆ, ದುಪಟ್ಟಾ, ರವಿಕೆ ಕಣ, ಪಕ್ಕದ ಮನೆಯ ಅಕ್ಕನ ಶಾಲು ಎಲ್ಲ ಆಗುತ್ತದೆ. ಮುಖ್ಯವಾದದ್ದು ಒಂದೇ ಬಣ್ಣದ ಬೆಚ್ಚಗಿನ ರೂಪ ಮತ್ತು ತಂಪು ರೂಪ ಎರಡೂ ಕೈಯಲ್ಲಿರುವುದು. "ನನಗೆ ಕೆಂಪು ಆಗುವುದಿಲ್ಲ" ಎನ್ನುವವರು ತಮಗೆ ಆಗದ ಕೆಂಪನ್ನು ಮಾತ್ರ ನೋಡಿರುತ್ತಾರೆ. ಈ ಜೋಡಿಗಳನ್ನು ಹುಡುಕಿ:

ಕೆಂಪಿನಲ್ಲಿ ಇಟ್ಟಿಗೆ ಕೆಂಪು ಅಥವಾ ಟೊಮೆಟೊ ಕೆಂಪು ಒಂದು, ಪುನರ್ಪುಳಿ (ಕೋಕಂ) ಶರಬತ್ತಿನ ಕೆಂಪು ಇನ್ನೊಂದು.
ಗುಲಾಬಿಯಲ್ಲಿ ಪೀಚ್ ಒಂದು, ರಾಣಿ ಪಿಂಕ್ ಇನ್ನೊಂದು.
ಹಳದಿಯಲ್ಲಿ ಸಾಸಿವೆ ಹಳದಿ, ನಿಂಬೆ ಹಳದಿ.
ಹಸುರಿನಲ್ಲಿ ಮಾವಿನ ಚಿಗುರು ಬಲಿತಾಗಿನ ಎಲೆಹಸುರು, ಪಚ್ಚೆಕಲ್ಲಿನ ಹಸುರು.
ನೀಲಿಯಲ್ಲಿ ನವಿಲು ನೀಲಿ, ಶಾಯಿ ನೀಲಿ.
ಬಿಳಿಯಲ್ಲಿ ಕೆನೆಬಿಳಿ, ನೀಲಿ ಹಾಕಿ ಒಗೆದ ಅಚ್ಚಬಿಳಿ.

ಪ್ರತಿ ಜೋಡಿಯಲ್ಲಿ ಮೊದಲನೆಯದು ಬೆಚ್ಚಗಿನದು, ಎರಡನೆಯದು ತಂಪಿನದು. ಜೋಡಿಯ ಎರಡೂ ಬಟ್ಟೆ ಆದಷ್ಟು ಒಂದೇ ಬಗೆಯದಾಗಿರಲಿ. ಹತ್ತಿಗೆ ಹತ್ತಿ, ರೇಷ್ಮೆಗೆ ರೇಷ್ಮೆ. ಇಲ್ಲದಿದ್ದರೆ ವ್ಯತ್ಯಾಸ ಬಣ್ಣದ್ದೋ ಹೊಳಪಿನದ್ದೋ ತಿಳಿಯುವುದಿಲ್ಲ.

ಹಂತ 4: ನೋಡುವುದು

ಬಿಳಿಗಳಿಂದ ಶುರುಮಾಡಿ. ಎರಡನ್ನೂ ಒಂದರ ಮೇಲೊಂದು ಹೊದ್ದುಕೊಂಡು, ಕಣ್ಣು ಮುಚ್ಚಿ, ಮೇಲಿನದನ್ನು ಯಾರಾದರೂ ಸರ್ರನೆ ಎಳೆಯಲಿ, ನಂತರ ಕಣ್ಣು ತೆರೆಯಿರಿ. ಮೊದಲ ಕ್ಷಣದಲ್ಲಿ ಕಂಡದ್ದೇ ನಿಜ. ಹತ್ತು ಸೆಕೆಂಡು ದಿಟ್ಟಿಸಿದರೆ ಕಣ್ಣು ಆ ಬಣ್ಣಕ್ಕೆ ಒಗ್ಗಿಬಿಡುತ್ತದೆ.

ನೋಡಬೇಕಾದ ಜಾಗಗಳು ನಾಲ್ಕೇ: ಕಣ್ಣಿನ ಕೆಳಗೆ, ಮೂಗಿನ ಎರಡು ಬದಿ, ತುಟಿಯ ಸುತ್ತ, ದವಡೆಯ ಗೆರೆ. ಬಟ್ಟೆ ಚಂದವೋ ಅಲ್ಲವೋ ಎಂದು ನೋಡಬಾರದು. ಇದು ಎಲ್ಲರೂ ಜಾರುವ ಜಾಗ. ಒಪ್ಪದ ಬಿಳಿಯಲ್ಲಿ ತುಟಿಯ ಸುತ್ತಲಿನ ಕಪ್ಪು ಒಂದು ಉಂಗುರದಂತೆ ಎದ್ದು ನಿಲ್ಲುತ್ತದೆ, ದವಡೆಯ ಅಡಿ ಬೂದಿ ಬಳಿದ ಹಾಗಾಗುತ್ತದೆ. ಒಪ್ಪಿದ ಬಿಳಿಯಲ್ಲಿ ಅದೇ ತುಟಿಯ ಸಹಜ ಕೆಂಪು ಎದ್ದು ಬರುತ್ತದೆ, ಕಣ್ಣಿನ ಬಿಳಿಭಾಗ ತೊಳೆದ ಹಾಗೆ ಇರುತ್ತದೆ.

ಕೆನೆಬಿಳಿ ಗೆದ್ದರೆ ಬೆಚ್ಚಗಿನ ಛಾಯೆಯ ಕಡೆಗೆ ಒಂದು ಗೆರೆ ಹಾಕಿ, ಅಚ್ಚಬಿಳಿ ಗೆದ್ದರೆ ತಂಪಿಗೆ. ಹೀಗೆ ಆರೂ ಜೋಡಿ ಮುಗಿಸಿ. ನಾಲ್ಕೋ ಅದಕ್ಕಿಂತ ಹೆಚ್ಚೋ ಒಂದೇ ಕಡೆ ಬಿದ್ದರೆ ನಿರ್ಧಾರ ಸುಲಭ. ಅರ್ಧಕ್ಕರ್ಧ ಬಂದರೆ ನಿಮ್ಮದು ಸಮಛಾಯೆ ಅಥವಾ ಆಲಿವ್. ಪೀಚ್, ಸಾಸಿವೆ ಹಳದಿ, ನಿಂಬೆ ಹಳದಿ ಮೂರರಲ್ಲೂ ಮುಖ ಕಾಮಾಲೆಯವರ ಹಾಗೆ ಕಂಡು, ನವಿಲು ನೀಲಿ ಮತ್ತು ಪುನರ್ಪುಳಿ ಕೆಂಪಿನಲ್ಲಿ ಅರಳಿದರೆ ಆಲಿವ್ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಕೊನೆಗೆ ಬಂಗಾರ, ಬೆಳ್ಳಿ. ಒಂದೇ ಅಗಲದ ಎರಡು ಸರಗಳನ್ನು ಕೊರಳಿಗೆ ಹಿಡಿದು ನೋಡಿ. ನಮ್ಮಲ್ಲಿ ಬಂಗಾರದ ಮೇಲಿನ ಪ್ರೀತಿ ತೀರ್ಪನ್ನು ಎಳೆಯುತ್ತದೆ, ಹಾಗಾಗಿ ಇದನ್ನು ಬಟ್ಟೆಗಳ ಸಾಕ್ಷಿಗೆ ಪೂರಕವಾಗಿ ಮಾತ್ರ ಇಟ್ಟುಕೊಳ್ಳಿ.

ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಬ್ಯೂಟಿ ಫಿಲ್ಟರ್ ತೆಗೆದುಹಾಕಿ. ಕ್ಯಾಮೆರಾ ಪ್ರತಿ ಬಟ್ಟೆಗೂ ಬೆಳಕನ್ನು ತಾನೇ ತಿದ್ದಿಕೊಳ್ಳುತ್ತದೆ: ಕಪ್ಪು ಬಟ್ಟೆ ಹಿಡಿದರೆ ಮುಖ ಬೆಳ್ಳಗೆ, ಬಿಳಿ ಬಟ್ಟೆ ಹಿಡಿದರೆ ಮುಖ ಕಪ್ಪಗೆ ಬರುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲೇ ನಿಲ್ಲುತ್ತವೆ; ಹಾಗೆ ಮಾಡಿದ ಮೇಲೆ ಬಟ್ಟೆ ಬದಲಿಸಿ.

ಹಂತ 5: ಎಷ್ಟು ಗಾಢ, ಎಷ್ಟು ಅಚ್ಚ

ಒಳಛಾಯೆ ತಿಳಿದರೆ ಅರ್ಧ ಕೆಲಸ ಆಯಿತು. ಬಟ್ಟೆಯ ಗಾಢತೆ ಎಷ್ಟಿರಬೇಕೆಂದು ತಿಳಿಯಲು ಮುಖದ ಒಂದು ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ. ಕೂದಲು, ಹುಬ್ಬು, ಕಣ್ಣುಗಳಿಗೂ ಚರ್ಮಕ್ಕೂ ಎಷ್ಟು ಅಂತರ ಕಾಣುತ್ತದೆ ನೋಡಿ. ಬೆಳ್ಳಗಿನ ಚರ್ಮ, ಕಡುಗಪ್ಪು ಕೂದಲಿನವರಿಗೆ ಅಂತರ ದೊಡ್ಡದು: ಕಡುಗೆಂಪಿಗೆ ಬಿಳಿ ಅಂಚು, ಕಪ್ಪಿಗೆ ಜರಿ, ಹೀಗೆ ಎದುರುಬದುರು ಬಣ್ಣಗಳು ಅವರ ಮೇಲೆ ನಿಲ್ಲುತ್ತವೆ. ಗೋಧಿ ಬಣ್ಣದವರಿಗೆ ಅಂತರ ನಡುಮಟ್ಟದ್ದು. ಪಕ್ಕಪಕ್ಕದ ಬಣ್ಣಗಳ ಜೋಡಣೆ, ಅಂದರೆ ಹಸುರಿಗೆ ನವಿಲು ನೀಲಿಯ ಅಂಚಿನಂಥದ್ದು, ಚೆನ್ನಾಗಿ ಕೂರುತ್ತದೆ.

ಎಣ್ಣೆಗಪ್ಪಿನವರ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅವರಿಗೇ ಅತಿ ಹೆಚ್ಚು ತಪ್ಪು ಸಲಹೆ ಸಿಗುತ್ತದೆ. ಗಾಢ ಚರ್ಮಕ್ಕೆ ಅಚ್ಚ ಬಣ್ಣಗಳನ್ನು ಹೊರುವ ಶಕ್ತಿ ಇದೆ. ರಾಣಿ ಪಿಂಕ್, ಕೇಸರಿ, ಶಾಯಿ ನೀಲಿ, ಪಚ್ಚೆ, ಕುಂಕುಮ ಕೆಂಪುಗಳು ಬೆಳ್ಳಗಿನವರ ಮುಖವನ್ನು ಹಿಂದಕ್ಕೆ ತಳ್ಳಿಬಿಡಬಹುದು. ಗಾಢ ಚರ್ಮದ ಮೇಲೆ ಅವು ಮುಖದ ಜೊತೆ ಸರಿಸಮವಾಗಿ ನಿಲ್ಲುತ್ತವೆ. ಬಿಳಿಯೂ ಚೆನ್ನ, ಕಪ್ಪೂ ಚೆನ್ನ. ತಪ್ಪಿಸಬೇಕಾದ್ದು ಬೂದು ಬೆರೆತ, ಚರ್ಮದಷ್ಟೇ ಗಾಢತೆಯ ಮಂಕು ಕಂದುಗಳನ್ನು ಮತ್ತು ಸುಣ್ಣ ಕಲಸಿದಂಥ ತಿಳಿ ಬಣ್ಣಗಳನ್ನು. ತಿಳಿ ಬಣ್ಣ ಬೇಕೇ ಬೇಕೆಂದಿದ್ದರೆ ಸುಣ್ಣದ ಮಂಕಿಲ್ಲದ, ಅಚ್ಚವಾದ ತಿಳಿ ಹಳದಿ ಅಥವಾ ತಿಳಿ ನೀಲಿ ತೆಗೆದುಕೊಳ್ಳಿ. ಮುಂದಿನ ಸಲ "ಲೈಟ್ ಕಲರ್ ತೆಗಿ" ಎಂದವರೆದುರು ಒಂದು ಹೆಗಲಿಗೆ ಆ ಮಾಸಲು ಪಿಸ್ತಾ, ಇನ್ನೊಂದಕ್ಕೆ ಪಚ್ಚೆ ಹಸುರು ಹಾಕಿ ತೋರಿಸಿ. ವಾದ ಬೇಕಾಗುವುದಿಲ್ಲ.

ಕಸವು ಸೀರೆಯ ಪ್ರಶ್ನೆ

ಓಣಂ ಬಂದರೆ ಶಾಲೆ, ಆಫೀಸು, ಬ್ಯಾಂಕು ಎಲ್ಲ ಕಡೆ ಕಸವು ಸೀರೆ, ಸೆಟ್ಟು ಮುಂಡು. ಗಡಿನಾಡಿನ ಕನ್ನಡಿಗರೂ ಉಡುತ್ತೇವೆ. ಅದರ ಮೂಲ ಬಣ್ಣ ಚಲುವೆ (ಬ್ಲೀಚ್) ಮಾಡದ ಹತ್ತಿಯ ಕೆನೆಬಿಳಿ, ಅಂಚು ಬಂಗಾರದ ಜರಿ, ಎರಡೂ ಬೆಚ್ಚಗಿನವು. ತಂಪು ಛಾಯೆಯವರಿಗೆ ಇದು ಮುಖ ಬಾಡಿಸಿದರೆ ಸೀರೆಯನ್ನು ಬಿಡಬೇಕಿಲ್ಲ. ಬೆಳ್ಳಿ ಜರಿಯ ಕಸವು ಸಿಗುತ್ತದೆ. ಅದಕ್ಕಿಂತ ಸುಲಭದ ದಾರಿ ರವಿಕೆ. ಕೊರಳಿಗೆ ಹತ್ತಿರ ಇರುವುದು ರವಿಕೆಯೇ ಆದ್ದರಿಂದ ಪುನರ್ಪುಳಿ ಕೆಂಪು, ನೇರಳೆ ಅಥವಾ ಶಾಯಿ ನೀಲಿಯ ರವಿಕೆ, ಕೊರಳು ಸ್ವಲ್ಪ ಎತ್ತರಿಸಿ ಹೊಲಿಸಿದ್ದು, ಕೆನೆಬಿಳಿಯನ್ನು ಮುಖದಿಂದ ದೂರ ಇಡುತ್ತದೆ. ಬೆಚ್ಚಗಿನ ಛಾಯೆಯವರು ಇಟ್ಟಿಗೆ ಕೆಂಪು, ಎಲೆಹಸುರು ತೊಡಲಿ. ಆಲಿವ್ ಛಾಯೆಯವರಿಗೆ ನವಿಲು ನೀಲಿ.

ಒಂದು ಎಚ್ಚರಿಕೆ: ಕಸವು ಸೀರೆಯನ್ನು ಅಚ್ಚಬಿಳಿ ಮಾಡಲು ನೀಲಿಯಲ್ಲಿ ಅದ್ದಬೇಡಿ. ಕೆನೆಬಣ್ಣ ಹೋಗಿ ಸೀರೆ ಬೂದಾಗುತ್ತದೆ.

ಜವಳಿ ಅಂಗಡಿಯಲ್ಲಿ

ಆರಿಸಿದ ಸೀರೆಗಳನ್ನು ಬಾಗಿಲ ಬಳಿ, ಹೊರಗಿನ ಬೆಳಕಿಗೆ ತಂದು ನೋಡಲು ಬಿಡಿ ಎಂದು ಕೇಳಲು ಸಂಕೋಚ ಬೇಡ. ಅಂಗಡಿಯ ದೀಪದ ಅಡಿಯಲ್ಲಿ ಹೊಂದಿಕೊಂಡ ಸೀರೆ-ರವಿಕೆಗಳು ಮನೆಯಲ್ಲಿ ಬೇರೆಯಾಗಿ ಕಾಣುವುದು ಸಾಮಾನ್ಯ, ಏಕೆಂದರೆ ಎರಡಕ್ಕೂ ಹಾಕಿದ ಬಣ್ಣದ ರಾಸಾಯನಿಕ ಬೇರೆ ಇದ್ದರೆ ಒಂದು ಬೆಳಕಿನಲ್ಲಿ ಒಂದೇ ತರ ಕಂಡದ್ದು ಇನ್ನೊಂದು ಬೆಳಕಿನಲ್ಲಿ ಹಾಗೆ ಕಾಣುವುದಿಲ್ಲ. ಸೀರೆಯ ಒಡಲನ್ನು ಹೆಗಲಿಗೆ ಹಿಡಿದು ನಿರ್ಧರಿಸಬೇಡಿ. ಮುಖದ ಬಳಿ ಬರುವುದು ಸೆರಗು ಮತ್ತು ಅಂಚು. ಹಾಸುನೂಲು (ಉದ್ದದ್ದು) ಒಂದು ಬಣ್ಣ, ಹೊಕ್ಕುನೂಲು (ಅಡ್ಡದ್ದು) ಇನ್ನೊಂದು ಬಣ್ಣ ಇರುವ ಸೀರೆಗಳನ್ನು ಮಡಿಸಿ, ಬಿಡಿಸಿ, ಓರೆಯಾಗಿ ಹಿಡಿದು ನೋಡಿ. ಮಡಿಕೆಯಲ್ಲಿ ಬೇರೆ ಬಣ್ಣ ಇಣುಕುತ್ತದೆ. ಸಮಛಾಯೆಯವರಿಗೆ ಇಂಥ ಸೀರೆಗಳು ಬಹಳ ಒಪ್ಪುತ್ತವೆ.

ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಕಾಸರಗೋಡು ಸೀರೆಯನ್ನು ಇಲ್ಲಿ ಹೇಳಲೇಬೇಕು. ಕೈಮಗ್ಗದ ಹತ್ತಿಯಾದ್ದರಿಂದ ಕಣ್ಣು ಕುಕ್ಕುವ ಹೊಳಪಿಲ್ಲ, ಬಣ್ಣ ಮುಖಕ್ಕೆ ಹೊಡೆಯುವುದಿಲ್ಲ. ಯಾವುದೋ ಬಣ್ಣ ಒಪ್ಪುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲು ಇಂಥ ಹತ್ತಿಯಲ್ಲಿ ಉಟ್ಟು ನೋಡಿ, ಆಮೇಲೆ ರೇಷ್ಮೆಗೆ ದುಡ್ಡು ಹಾಕಿ.

ಇಷ್ಟದ ಬಣ್ಣ ಒಪ್ಪದಿದ್ದರೆ

ಬಿಡಬೇಡಿ, ಕೆಳಗಿಳಿಸಿ. ಸಾಸಿವೆ ಹಳದಿ ಪ್ರಾಣ, ಆದರೆ ಮುಖಕ್ಕೆ ಆಗದು ಎಂದಾದರೆ ಅದು ಸೀರೆಯ ಒಡಲಿನಲ್ಲಿರಲಿ, ಚೂಡಿದಾರದ ಪ್ಯಾಂಟಿನಲ್ಲಿರಲಿ, ಕೈಚೀಲದಲ್ಲಿರಲಿ. ಕೊರಳ ಸುತ್ತ ನಿಮ್ಮ ಬಣ್ಣದ ದುಪಟ್ಟಾ ಬಂದರೆ ಸಾಕು. ಅದೇ ಬಣ್ಣದ ಇನ್ನೊಂದು ರೂಪವನ್ನೂ ಹುಡುಕಿ. ಹಳದಿಯಲ್ಲೇ ಹತ್ತಾರು ಇವೆ. ಮನಸ್ಸಿಗೆ ಖುಷಿ ಕೊಡುವ ಬಣ್ಣ ಉಟ್ಟವರ ಮುಖ ಖುಷಿಯಿಂದಲೇ ಚೆನ್ನಾಗಿರುತ್ತದೆ, ಅದನ್ನು ಯಾವ ಪರೀಕ್ಷೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಂಡಸರಿಗೆ

ಪರೀಕ್ಷೆ ಇದೇ, ಅಂಗಿಗಳಿಂದ ಮಾಡಿ. ಕ್ಷೌರ ಮಾಡಿದ ಮರುದಿನದ ಗಡ್ಡದ ನೆರಳು ಬೂದು-ನೀಲಿಯಾಗಿರುತ್ತದೆ. ಬೂದು ಅಂಗಿ ಅದನ್ನು ಇನ್ನೂ ಎಬ್ಬಿಸುತ್ತದೆ. ಬಿಳಿ ಮುಂಡಿನ ಜೊತೆ ಬಿಳಿ ಅಂಗಿ ತೊಡುವವರು ಕೆನೆಬಿಳಿ, ಅಚ್ಚಬಿಳಿಗಳನ್ನು ಬೆರೆಸಬಾರದು. ಒಂದು ಹಳತಾಗಿ ಕೊಳೆಯಾದಂತೆ ಕಾಣುತ್ತದೆ. ತಲೆಯೋ ಗಡ್ಡವೋ ನರೆತ ಮೇಲೆ ಮುಖದ ಅಂತರದ ಲೆಕ್ಕ ಪೂರ್ತಿ ಬದಲಾಗುವುದರಿಂದ ಹೆಂಗಸರೂ ಗಂಡಸರೂ ಐದನೆಯ ಹಂತವನ್ನು ಮತ್ತೆ ಮಾಡಬೇಕು. ಬೆಳ್ಳಿಗೂದಲಿಗೆ ಶಾಯಿ ನೀಲಿ, ನೇರಳೆ, ಪಚ್ಚೆಗಳು ಮೊದಲಿಗಿಂತ ಚೆನ್ನಾಗಿ ಒಪ್ಪುವುದನ್ನು ನೋಡುತ್ತೀರಿ.

ಬಣ್ಣದ ಕಾರ್ಡು

ಒಪ್ಪಿದ ಬಣ್ಣಗಳನ್ನು ನೆನಪಿನಲ್ಲಿ ಹೊತ್ತು ಅಂಗಡಿಗೆ ಹೋಗಬೇಡಿ. ಬಣ್ಣದ ನೆನಪು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಜಾರಿರುತ್ತದೆ. ಟೈಲರ್ ಹತ್ತಿರ ಕತ್ತರಿಸಿ ಉಳಿದ ತುಂಡುಗಳು ಬೇಕಾದಷ್ಟು ಇರುತ್ತವೆ, ಕೇಳಿದರೆ ಕೊಡುತ್ತಾರೆ. ಎರಡು ಬೆರಳಗಲದ ತುಂಡುಗಳನ್ನು ಹಳೆಯ ಮದುವೆ ಕಾಗದದ ದಪ್ಪ ಹಾಳೆಗೆ ಸ್ಟೇಪ್ಲರ್ ಹೊಡೆದು, ಒಂದು ಬದಿಗೆ ಕೊರಳ ಬಳಿ ಒಪ್ಪುವವು, ಇನ್ನೊಂದು ಬದಿಗೆ ಸೊಂಟದಿಂದ ಕೆಳಗೆ ಮಾತ್ರ ಎಂದು ಬರೆದು, ಪರ್ಸಿನಲ್ಲಿ ಇಟ್ಟುಕೊಳ್ಳಿ. ಬಿಸಿಲಿಗೆ ಬಿಟ್ಟರೆ ತುಂಡಿನ ಬಣ್ಣ ಹಾರುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಮಾಡಿ, ಹೆಸರು ಬರೆದಿಟ್ಟರೆ ಹಬ್ಬಕ್ಕೆ ಒಬ್ಬರೇ ಹೋಗಿ ಎಲ್ಲರಿಗೂ ಬಟ್ಟೆ ತರಬಹುದು.